ಹಿನ್ನೀರಿನಲ್ಲಿ ಪ್ಲಗ್ ಇಲ್ಲ: ದೋಣಿಯ ಮೇಲೆಯೇ ಮೋಟಾರಿನ ಬ್ಯಾಟರಿಗೆ ಚಾರ್ಜ್ ತುಂಬುವ ಬಗೆ

ಕುಶಾಲನಗರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಹಾರಂಗಿಯ ಹಿನ್ನೀರಿನಲ್ಲಿ ಬಲೆ ಬೀಸುವವರು ಇಲ್ಲಿದ್ದೀರಿ. ತೋಟದ ಕೆರೆಗೆ ಸಣ್ಣದೊಂದು ದೋಣಿ ಇಳಿಸಿಕೊಂಡಿರುವ ಬೆಳೆಗಾರರಿದ್ದೀರಿ, ಹೋಂಸ್ಟೇ ನಡೆಸುವವರಿದ್ದೀರಿ. ಸಭೆ ಆರಂಭವಾಗುವ ಮುನ್ನ ನಿಮ್ಮಲ್ಲಿ ಹಲವರು ಕೇಳಿದ ಪ್ರಶ್ನೆ ಒಂದೇ: ಪೆಟ್ರೋಲ್ ಮೋಟಾರು ತೆಗೆದು, ದೋಣಿಯ ಹಿಂಬದಿಗೆ ಸಿಕ್ಕಿಸುವ ವಿದ್ಯುತ್ ಔಟ್‌ಬೋರ್ಡ್ ಮೋಟಾರು ಕಟ್ಟಿದರೆ, ನೀರಿನ ನಡುವೆ ಬ್ಯಾಟರಿ ಮುಗಿದಾಗ ಏನು ಮಾಡುವುದು? ಮನೆಯಲ್ಲಿರುವ ಇನ್ವರ್ಟರನ್ನೇ ದೋಣಿಗೆ ಸಾಗಿಸಿ, ಮೋಟಾರಿನ ಜೊತೆ ಬಂದ ಚಾರ್ಜರನ್ನು ಅದಕ್ಕೆ ಚುಚ್ಚಿದರೆ ಆಗದೇ?

ಆಗುತ್ತದೆ. ಆದರೆ ಹಾಗೆ ಮಾಡಬೇಡಿ ಎಂದು ಹೇಳುವುದಕ್ಕೇ ನಾನು ಬಂದಿದ್ದೇನೆ. ಸೌರಫಲಕದಿಂದ ಹುಟ್ಟುವುದು ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತು. ಮೋಟಾರಿನ ಬ್ಯಾಟರಿಗೆ ಬೇಕಾಗಿರುವುದೂ ಡಿಸಿ. ಈ ಎರಡರ ನಡುವೆ ಮನೆಯ 230 ವೋಲ್ಟಿನ ಎಸಿಯನ್ನು, ಅಂದರೆ ದಿಕ್ಕು ಬದಲಿಸುತ್ತಲೇ ಹರಿಯುವ ವಿದ್ಯುತ್ತನ್ನು, ತಂದು ಕೂರಿಸಿದರೆ ಕಷ್ಟಪಟ್ಟು ಹಿಡಿದ ವಿದ್ಯುತ್ತಿನ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀರಿನ ಮೇಲೆ ಇರಬಾರದ ಅಪಾಯವೊಂದು ನಿಮ್ಮ ಜೊತೆ ದೋಣಿ ಹತ್ತುತ್ತದೆ.

ವಿದ್ಯುತ್ ಮೋಟಾರು ಹೊಸದು ಎಂಬ ಭಾವನೆ ಅನೇಕರಲ್ಲಿದೆ. ಮೋರಿಟ್ಸ್ ಯಾಕೋಬಿ ಎಂಬ ವಿಜ್ಞಾನಿ 1838ರಲ್ಲೇ ಸೇಂಟ್ ಪೀಟರ್ಸ್‌ಬರ್ಗಿನ ನೇವಾ ನದಿಯಲ್ಲಿ ವಿದ್ಯುತ್ ದೋಣಿ ಓಡಿಸಿದ್ದ. 1881ರಲ್ಲಿ ಪ್ಯಾರಿಸಿನ ಗುಸ್ತಾವ್ ತ್ರೂವೆ, ದೋಣಿಯ ಹಿಂಭಾಗಕ್ಕೆ ಸಿಕ್ಕಿಸಿ ಮತ್ತೆ ಬಿಚ್ಚಿ ಒಯ್ಯಬಹುದಾದ ವಿದ್ಯುತ್ ಮೋಟಾರನ್ನು ಸೀನ್ ನದಿಯಲ್ಲಿ ತೋರಿಸಿದ. ಓಲೆ ಎವಿನ್‌ರೂಡ್‌ನ ಪೆಟ್ರೋಲ್ ಔಟ್‌ಬೋರ್ಡ್ ಮಾರುಕಟ್ಟೆಗೆ ಬಂದದ್ದು 1909ರ ಸುಮಾರಿಗೆ. ಅಂದರೆ ವಿದ್ಯುತ್ ಔಟ್‌ಬೋರ್ಡ್ ಅದಕ್ಕಿಂತ ಕಾಲು ಶತಮಾನಕ್ಕೂ ಹಿರಿಯದು. ಹಾಗಿದ್ದೂ ಅದು ಸೋತಿತು, ಮೋಟಾರಿನ ದೋಷದಿಂದಲ್ಲ, ಚಾರ್ಜಿನ ತೊಂದರೆಯಿಂದ. 1880ರ ದಶಕದ ಕೊನೆಯಲ್ಲಿ ಥೇಮ್ಸ್ ನದಿಯಲ್ಲಿ ವಿದ್ಯುತ್ ದೋಣಿಗಳು ಓಡುತ್ತಿದ್ದವು. ಅವುಗಳಿಗಾಗಿ ನದಿಯುದ್ದಕ್ಕೂ ಚಾರ್ಜ್ ಮಾಡುವ ತಾಣಗಳನ್ನೇ ಕಟ್ಟಬೇಕಾಯಿತು, ಕೆಲವಂತೂ ನೀರಿನ ಮೇಲೆ ತೇಲುವ ತಾಣಗಳು. ನಮ್ಮ ಪಕ್ಕದ ಕೇರಳದಲ್ಲಿ 2017ರಿಂದ ವೈಕಂ ಮತ್ತು ತವಣಕ್ಕಡವು ನಡುವೆ ಓಡುತ್ತಿರುವ 75 ಜನರ ಸೌರ ದೋಣಿ ‘ಆದಿತ್ಯ’ ಗೆದ್ದದ್ದು ಯಾಕೆ? ಅದರ ಚಾವಣಿಯಲ್ಲೇ 20 ಕಿಲೋವಾಟ್ ಫಲಕಗಳಿವೆ, ಮೇಲಾಗಿ ದಿನಕ್ಕೆ ಎಷ್ಟು ವಿದ್ಯುತ್ತು ಬರುತ್ತದೆ, ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕವನ್ನು ದೋಣಿ ಕಟ್ಟುವ ಮುಂಚೆಯೇ ಹಾಕಲಾಗಿತ್ತು.

ಆ ಲೆಕ್ಕವನ್ನು ನಾವೂ ಹಾಕೋಣ. ಇದಕ್ಕೆ ಬೇಕಾದ ಮಾಪನ ವಾಟ್-ಗಂಟೆ. ಬ್ಯಾಟರಿಯ ಮೇಲೆ ಬರೆದಿರುವ ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಅದು ಸಿಗುತ್ತದೆ. ಜರ್ಮನಿಯ ಟಾರ್ಕ್ವೀಡೊ ಕಂಪನಿಯ ಒಂದು ಕಿಲೋವಾಟಿನ ಸಣ್ಣ ಮೋಟಾರನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಮೋಟಾರಿನ ತಲೆಯ ಮೇಲೆಯೇ ಕೂರುವ ಅದರ ಬ್ಯಾಟರಿಯಲ್ಲಿ ಹಿಡಿಯುವುದು 915 ವಾಟ್-ಗಂಟೆ, ವೋಲ್ಟೇಜು 29.6. ಪೂರ್ತಿ ವೇಗ ಕೊಟ್ಟರೆ ಒಂದು ಗಂಟೆಯೊಳಗೆ ಬರಿದು. 300 ವಾಟಿಗೆ ಇಳಿಸಿದರೆ ಮೂರು ಗಂಟೆ ಓಡುತ್ತದೆ. ವೇಗ ಮೂರನೇ ಒಂದಕ್ಕೆ ಕುಸಿಯುತ್ತದೆಯೇ? ಇಲ್ಲ. ನೀರನ್ನು ಸೀಳಲು ಬೇಕಾದ ಶಕ್ತಿ ಸರಿಸುಮಾರು ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ ಏಳು ಕಿಲೋಮೀಟರ್ ಹೋಗುವ ದೋಣಿ ಮೂರನೇ ಒಂದು ಶಕ್ತಿಯಲ್ಲಿ ಐದರ ಹತ್ತಿರ ಹೋಗುತ್ತದೆ. ಎರಡು ಕಿಲೋಮೀಟರ್ ವೇಗವನ್ನು ಬಿಟ್ಟುಕೊಟ್ಟವನಿಗೆ ಅದೇ ಬ್ಯಾಟರಿಯಲ್ಲಿ ಎರಡು ಪಟ್ಟು ದೂರ ಸಿಗುತ್ತದೆ. ಯಾವ ಚಾರ್ಜರೂ ಇಷ್ಟು ಅಗ್ಗವಾಗಿ ಇಷ್ಟು ದೂರವನ್ನು ಕೊಡಲಾರದು. ಆದ್ದರಿಂದ ಫಲಕ ಕೊಳ್ಳುವ ಮೊದಲು ಮೋಟಾರಿನ ಹಿಡಿಯನ್ನು ಅರ್ಧದಲ್ಲಿ ಹಿಡಿಯುವ ಅಭ್ಯಾಸ ಮಾಡಿಕೊಳ್ಳಿ.

ಈಗ ಬಿಸಿಲಿನ ವಿಷಯ. ವರ್ಷದ ಕೊನೆಯ ಸುಗ್ಗಿ ಹಬ್ಬ ಹುತ್ತರಿಯಿಂದ, ಬೇಸಿಗೆಯ ಆರಂಭದಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯವರೆಗೆ ಕೊಡಗಿನಲ್ಲಿ ಬಿಸಿಲಿಗೆ ಬರವಿಲ್ಲ. ಕಣದಲ್ಲಿ ಕಾಫಿ ಒಣಗುವ ತಿಂಗಳುಗಳೇ ಸೌರಫಲಕದ ತಿಂಗಳುಗಳು. ಆ ಕಾಲದಲ್ಲಿ 100 ವಾಟಿನ ಒಂದು ಫಲಕ, ದೋಣಿಯ ಮೇಲೆ ಮಟ್ಟಸವಾಗಿ ಮಲಗಿದ್ದರೂ, ದಿನಕ್ಕೆ 350ರಿಂದ 400 ವಾಟ್-ಗಂಟೆ ಕೊಡುತ್ತದೆ. ಎರಡು ಫಲಕ ಇದ್ದರೆ ಎಂಟುನೂರರ ಹತ್ತಿರ ಹೋಗಬಹುದು. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಜಡಿಮಳೆಯ ದಿನಗಳಲ್ಲಿ ಅದೇ ಒಂದು ಫಲಕ 100 ವಾಟ್-ಗಂಟೆಗೆ ಇಳಿಯುತ್ತದೆ. ಕುಶಾಲನಗರದ ಕಡೆ ಮಳೆ ಕಡಿಮೆ, ಭಾಗಮಂಡಲದ ಕಡೆ ಆಕಾಶ ವಾರಗಟ್ಟಲೆ ತೆರೆಯುವುದೇ ಇಲ್ಲ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರ ಇರುವುದರಿಂದ ಬೇರೆಯವರ ಅನುಭವದ ಅಂಕಿಯನ್ನು ನಿಮ್ಮ ಕೆರೆಗೆ ಹಾಗೆಯೇ ಹೊಂದಿಸಬೇಡಿ.

ತೋಟದ ಕೆರೆಯವರಿಗೆ ಇನ್ನೊಂದು ತೊಡಕಿದೆ. ಕೆರೆಯ ಸುತ್ತ ಸಿಲ್ವರ್ ಓಕ್, ಅತ್ತಿ, ಹಲಸು. ಬೆಳಗ್ಗೆ ಹತ್ತರವರೆಗೂ ಮಧ್ಯಾಹ್ನ ಮೂರರ ಮೇಲೂ ನೆರಳು. ಫಲಕದ ಸೆಲ್‌ಗಳು ಒಂದಕ್ಕೊಂದು ಸರಣಿಯಲ್ಲಿ ಜೋಡಿಸಿಕೊಂಡಿರುತ್ತವೆ. ಒಂದು ಮೂಲೆಯ ಮೇಲೆ ರೆಂಬೆಯ ನೆರಳು ಬಿದ್ದರೆ ಆ ಮೂಲೆಯಷ್ಟೇ ನಷ್ಟವಾಗುವುದಿಲ್ಲ, ಆ ಸಾಲಿನ ಹರಿವೆಲ್ಲ ಕುಗ್ಗುತ್ತದೆ. ದೋಣಿಯಲ್ಲಿ ನಿಂತವನ ನೆರಳೂ ಇದನ್ನೇ ಮಾಡುತ್ತದೆ. ಫಲಕವನ್ನು ಜನ ಓಡಾಡದ ಕಡೆ, ಸಾಧ್ಯವಾದರೆ ತಲೆಯ ಮೇಲಿನ ಚಪ್ಪರದಲ್ಲಿ ಕಟ್ಟಬೇಕು. ಗಾಳಿ ಹಿಡಿಯುವಷ್ಟು ಎತ್ತರದಲ್ಲಿ ಮಾತ್ರ ಬೇಡ, ಸಣ್ಣ ದೋಣಿ ವಾಲುತ್ತದೆ.

ಫಲಕದಿಂದ ಮೋಟಾರಿನ ಬ್ಯಾಟರಿಯವರೆಗಿನ ದಾರಿಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ. ಹೆಚ್ಚಿನವರು ಎಡವುವುದು ಇಲ್ಲೇ.

ಸಾಮಾನ್ಯವಾಗಿ ಜನ ಮಾಡುವ ಜೋಡಣೆ ಹೀಗಿರುತ್ತದೆ. ಫಲಕದಿಂದ, ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹದಗೊಳಿಸುವ ಸೌರ ನಿಯಂತ್ರಕಕ್ಕೆ, ಅಲ್ಲಿಂದ 12 ವೋಲ್ಟಿನ ಒಂದು ಬ್ಯಾಟರಿಗೆ, ಅಲ್ಲಿಂದ ಇನ್ವರ್ಟರಿಗೆ, ಇನ್ವರ್ಟರಿನಿಂದ ಮೋಟಾರಿನ ಚಾರ್ಜರಿಗೆ, ಕೊನೆಗೆ ಮೋಟಾರಿನ ಬ್ಯಾಟರಿಗೆ. ಪ್ರತಿ ಮೆಟ್ಟಿಲಿನಲ್ಲೂ ಸುಂಕ ಕಟ್ಟಬೇಕು. ಒಳ್ಳೆಯ ನಿಯಂತ್ರಕದಲ್ಲಿ ನೂರಕ್ಕೆ ಐದು ಹೋಗುತ್ತದೆ, ನಡುವಿನ ಬ್ಯಾಟರಿಗೆ ತುಂಬಿ ತೆಗೆಯುವಾಗ ಇನ್ನೊಂದು ಐದು. ಇನ್ವರ್ಟರಿನಲ್ಲಿ ಹತ್ತು ಹನ್ನೆರಡು, ಚಾರ್ಜರಿನಲ್ಲಿ ಮತ್ತೆ ಹತ್ತು ಹನ್ನೆರಡು. ಎಲ್ಲವನ್ನೂ ಗುಣಿಸಿದರೆ ತಲುಪುವುದು ಸುಮಾರು ಶೇಕಡಾ 70. ಇಷ್ಟಕ್ಕೇ ಮುಗಿಯಲಿಲ್ಲ. ಇನ್ವರ್ಟರ್ ಸುಮ್ಮನೆ ಉರಿಯುತ್ತಿರುವುದಕ್ಕೇ ಗಂಟೆಗೆ ಹತ್ತು ಹದಿನೈದು ವಾಟ್-ಗಂಟೆ ತಿನ್ನುತ್ತದೆ. ಔಟ್‌ಬೋರ್ಡಿನ ಸಣ್ಣ ಚಾರ್ಜರುಗಳು ನಿಧಾನಗತಿಯವು, ಆರೇಳು ಗಂಟೆ ಬೇಕೇ ಬೇಕು. ಎರಡು ಫಲಕಗಳಿಂದ ಬಂದ 760 ವಾಟ್-ಗಂಟೆಯಲ್ಲಿ ಮೋಟಾರಿನ ಬ್ಯಾಟರಿಯನ್ನು ಸೇರುವುದು 440ರ ಆಸುಪಾಸು.

ಅದೇ ವಿದ್ಯುತ್ತನ್ನು ಸೂಕ್ತವಾದ ಸೌರ ನಿಯಂತ್ರಕದ ಮೂಲಕ ನೇರವಾಗಿ ಮೋಟಾರಿನ ಬ್ಯಾಟರಿಗೆ ಕೊಟ್ಟರೆ 720 ತಲುಪುತ್ತದೆ. ವ್ಯತ್ಯಾಸ 280 ವಾಟ್-ಗಂಟೆ. ನಿಧಾನಗತಿಯಲ್ಲಿ ಅದು ನಾಲ್ಕು ಕಿಲೋಮೀಟರಿಗೂ ಹೆಚ್ಚಿನ ದೂರ, ಪ್ರತಿ ದಿನ. ನಡುವೆ ಒಂದು 12 ವೋಲ್ಟ್ ಬ್ಯಾಟರಿ ಇರಲೇಬೇಕು, ದೀಪಕ್ಕೂ ಮೊಬೈಲಿಗೂ ಅದು ಬೇಕು ಎನ್ನುವವರು ಇನ್ವರ್ಟರಿನ ಬದಲು ಡಿಸಿಯಿಂದ ಡಿಸಿಗೆ ಏರಿಸುವ ಚಾರ್ಜರನ್ನು ಹಾಕಬಹುದು. ಅದು ಒಂದೇ ಮೆಟ್ಟಿಲು, ನಷ್ಟ ನೂರಕ್ಕೆ ಹತ್ತರೊಳಗೆ.

‘ಸೂಕ್ತವಾದ’ ಎಂದದ್ದನ್ನು ಬಿಡಿಸಿ ಹೇಳಬೇಕು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಎಂಪಿಪಿಟಿ (ಫಲಕದಿಂದ ಸಾಧ್ಯವಾದಷ್ಟು ಹೆಚ್ಚು ಶಕ್ತಿ ಎಳೆಯುವ) ನಿಯಂತ್ರಕಗಳು ವೋಲ್ಟೇಜನ್ನು ಇಳಿಸಬಲ್ಲವು, ಏರಿಸಲಾರವು. ಫಲಕದ ವೋಲ್ಟೇಜು ಬ್ಯಾಟರಿಯದಕ್ಕಿಂತ ಮೇಲೆ ಇದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ. 100 ವಾಟಿನ ಸಾಮಾನ್ಯ ಫಲಕ ಸುಮಾರು 18 ವೋಲ್ಟಿನಲ್ಲಿ ದುಡಿಯುತ್ತದೆ. 29.6 ವೋಲ್ಟ್ ಎಂಬುದು 3.7 ವೋಲ್ಟಿನ ಎಂಟು ಸೆಲ್‌ಗಳ ಸಾಲು, ಪೂರ್ತಿ ತುಂಬಿದಾಗ ಅದು 33.6ಕ್ಕೆ ಏರುತ್ತದೆ. ಎರಡು ಫಲಕಗಳನ್ನು ಸರಣಿಯಲ್ಲಿ ಜೋಡಿಸಿದರೆ 36 ಆಗುತ್ತದೆ, ಸಾಕು ಎನಿಸುತ್ತದೆ. ಆದರೆ ಮಾರ್ಚಿನ ಬಿಸಿಲಿನಲ್ಲಿ ಫಲಕ ಕಾದಾಗ ಅದರ ವೋಲ್ಟೇಜು ಇಳಿಯುತ್ತದೆ. ಬ್ಯಾಟರಿ ಮುಕ್ಕಾಲು ತುಂಬಿದ ಹೊತ್ತಿಗೆ ಚಾರ್ಜ್ ನಿಂತೇ ಹೋಗುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ.  ನೆರಳಿನ ಕಾಟ ಇರುವ ಕೆರೆಯಲ್ಲಿ ನಾನು ಒಪ್ಪುವುದು ವೋಲ್ಟೇಜನ್ನು ಏರಿಸುವ ಬಗೆಯ ನಿಯಂತ್ರಕವನ್ನೇ. ಅದು ಒಂದೇ ಫಲಕದಿಂದಲೂ ಚಾರ್ಜ್ ಮಾಡುತ್ತದೆ. ಪ್ರತಿ ಫಲಕಕ್ಕೂ ಒಂದೊಂದನ್ನು ಹಾಕಿದರೆ ಒಂದರ ನೆರಳು ಇನ್ನೊಂದನ್ನು ಕಾಡುವುದಿಲ್ಲ.

ಮೋಟಾರಿನ ಜೊತೆಗೇ ಬರುವ ಬ್ಯಾಟರಿಗೆ ಯಾವುದೋ ನಿಯಂತ್ರಕವನ್ನು ಅಂದಾಜಿನಲ್ಲಿ ತಗುಲಿಸಬೇಡಿ. ಅದರ ಕೈಪಿಡಿಯಲ್ಲಿ ಗರಿಷ್ಠ ವೋಲ್ಟೇಜು, ಗರಿಷ್ಠ ಆಂಪಿಯರ್ ಎರಡೂ ಇರುತ್ತವೆ. ತಯಾರಕರೇ ಸೌರ ಚಾರ್ಜ್‌ಗೆ ಕೇಬಲ್ ಒದಗಿಸಿದ್ದರೆ ಬೆಲೆ ಹೆಚ್ಚಾದರೂ ಅದನ್ನೇ ಕೊಳ್ಳಿ. ಲಿಥಿಯಂ ಸೆಲ್‌ನ ಮಿತಿಯನ್ನು ಮೀರುವುದು ಚಿಕ್ಕ ವಿಷಯವಲ್ಲ. ನೀರಿನ ನಡುವೆ ದೋಣಿಗೆ ಬೆಂಕಿ ಬಿದ್ದರೆ ಓಡಿಹೋಗಲು ಜಾಗವಿಲ್ಲ.

ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯ ಬಗ್ಗೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಜಿಲ್ಲೆ ನಮ್ಮದು, ಹಾಗಾಗಿ ಅದು ಎಲ್ಲರ ಮನೆಯಲ್ಲೂ ಇದೆ. 12 ವೋಲ್ಟಿನ 150 ಆಂಪಿಯರ್-ಗಂಟೆಯದು, ಹೆಸರಿಗೆ 1800 ವಾಟ್-ಗಂಟೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯುಸ್ಸು ಕರಗುತ್ತದೆ, ಆದ್ದರಿಂದ ಬಳಕೆಗೆ ಸಿಗುವುದು 900. ತೂಕ ಐವತ್ತು ಕಿಲೋಗೂ ಹೆಚ್ಚು. ವಾಲಿದರೆ ಆಮ್ಲ ಚೆಲ್ಲುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕರಷ್ಟು ಸೇರಿದರೆ ಒಂದು ಕಿಡಿ ಸಾಕು. ಅದರ ಬದಲು 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹನ್ನೆರಡು ಕಿಲೋ ಆಸುಪಾಸು ತೂಗುತ್ತದೆ, ಅದರ 1280 ವಾಟ್-ಗಂಟೆಯಲ್ಲಿ ಸಾವಿರಕ್ಕೂ ಹೆಚ್ಚು ನಿಶ್ಚಿಂತೆಯಿಂದ ಬಳಸಬಹುದು. ಇಬ್ಬರು ಕೂರುವ ದೋಣಿಯಲ್ಲಿ ನಲವತ್ತು ಕಿಲೋ ಉಳಿತಾಯ ಎಂದರೆ ಒಂದು ದಿನದ ಮೀನಿನ ಭಾರ.

ಲಿಥಿಯಂ ಬ್ಯಾಟರಿಗೆ ಸೀಸದ ಬ್ಯಾಟರಿಯ ಹಳೆಯ ಚಾರ್ಜರನ್ನು ಹಾಕಬಾರದು. ನಾಲ್ಕು ಸೆಲ್‌ಗಳ ಫಾಸ್ಫೇಟ್ ಬ್ಯಾಟರಿಯ ಮೇಲ್ಮಿತಿ 14.6 ವೋಲ್ಟ್. ಸೀಸದ ಬ್ಯಾಟರಿಯ ಕೆಲವು ಚಾರ್ಜರುಗಳು ಆಗಾಗ 15ನ್ನು ದಾಟಿಸುತ್ತವೆ. ಆಗ ಬ್ಯಾಟರಿಯೊಳಗಿನ ರಕ್ಷಣಾ ವ್ಯವಸ್ಥೆ, ಅಂದರೆ ಬಿಎಂಎಸ್, ಸಂಪರ್ಕವನ್ನೇ ಕಡಿದುಹಾಕುತ್ತದೆ. ಇನ್ನೊಂದು ಸೂಕ್ಷ್ಮ: ಈ ಬ್ಯಾಟರಿಯ ವೋಲ್ಟೇಜು ತುಂಬಿದಾಗಲೂ ಕಾಲುಭಾಗ ಉಳಿದಾಗಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ವೋಲ್ಟ್‌ಮೀಟರ್ ನೋಡಿ ಇನ್ನೂ ಬೇಕಾದಷ್ಟಿದೆ ಎಂದುಕೊಂಡರೆ ಹಿನ್ನೀರಿನ ಆಚೆ ದಡದಲ್ಲಿ ಉಳಿಯಬೇಕಾಗುತ್ತದೆ. ಒಳಗೆ ಹೋದ, ಹೊರಗೆ ಬಂದ ಆಂಪಿಯರನ್ನು ಎಣಿಸುವ ಮೀಟರ್ ಹಾಕಿಸಿ. ದೋಣಿಯಲ್ಲಿ ಹುಟ್ಟು ಯಾವಾಗಲೂ ಇರಲಿ.

ದಡದಲ್ಲಿ ನಿಲ್ಲಿಸಿದ ಜೀಪಿನಿಂದ ಚಾರ್ಜ್ ಮಾಡಬಹುದೇ ಎಂದು ಒಬ್ಬರು ಕೇಳಿದರು. ಮಾಡಬಹುದು, ಡಿಸಿ ಚಾರ್ಜರ್ ನಡುವೆ ಇದ್ದರೆ. ಜೀಪಿನ ಎಂಜಿನ್ನಿನಿಂದ ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರಿಗೆ ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಕಟ್ಟಿದರೆ ಅದು ಎಷ್ಟು ಕೊಟ್ಟರೂ ಹೀರುತ್ತದೆ, ಆಲ್ಟರ್ನೇಟರ್ ಸುಟ್ಟುಹೋಗಬಹುದು. 30 ಆಂಪಿಯರಿನ ಡಿಸಿ ಚಾರ್ಜರ್ ಸುಮಾರು 400 ವಾಟಿನ ಮಿತಿಯನ್ನು ಹೇರುತ್ತದೆ. ಎರಡೂವರೆ ಗಂಟೆ ಎಂಜಿನ್ ಓಡಿಸಿ ಒಂದು ಸಣ್ಣ ಬ್ಯಾಟರಿ ತುಂಬಿಸುವುದು ಡೀಸೆಲಿನ ಲೆಕ್ಕದಲ್ಲಿ ನಷ್ಟವೇ, ತುರ್ತಿಗೆ ಮಾತ್ರ ಇರಲಿ.

ಈಗ 230 ವೋಲ್ಟಿನ ಮಾತು. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಸಮುದ್ರಕ್ಕಿಂತ ಕೆರೆ ಮತ್ತು ನದಿಯಲ್ಲಿ ವಿದ್ಯುತ್ ಸೋರಿಕೆ ಹೆಚ್ಚು ಅಪಾಯಕಾರಿ. ಉಪ್ಪುನೀರು ನಮ್ಮ ದೇಹಕ್ಕಿಂತ ಚೆನ್ನಾಗಿ ವಿದ್ಯುತ್ತನ್ನು ಹರಿಸುತ್ತದೆ, ಸೋರಿದ ವಿದ್ಯುತ್ತು ಈಜುವವನನ್ನು ಬಿಟ್ಟು ಸುತ್ತಲಿನ ನೀರಿನಲ್ಲೇ ಹೋಗುತ್ತದೆ. ಸಿಹಿನೀರು ಹಾಗಲ್ಲ. ಕಾವೇರಿಯ, ಹಾರಂಗಿಯ ತಿಳಿನೀರಿಗಿಂತ ಉಪ್ಪಿನಂಶ ತುಂಬಿದ ಮನುಷ್ಯದೇಹವೇ ವಿದ್ಯುತ್ತಿಗೆ ಸುಲಭದ ದಾರಿ. ಹತ್ತಿಪ್ಪತ್ತು ಮಿಲಿಆಂಪಿಯರ್ ದೇಹದಲ್ಲಿ ಹರಿದರೂ ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಚೆನ್ನಾಗಿ ಈಜು ಬಲ್ಲವನೂ ಕೈಕಾಲು ಆಡಿಸಲಾರದೆ ಮುಳುಗುತ್ತಾನೆ. ದಡದಲ್ಲಿದ್ದವರಿಗೆ ಅದು ಬರೀ ಮುಳುಗಿದ ಸಾವಿನಂತೆ ಕಾಣುತ್ತದೆ. ಕಾಪಾಡಲು ಹಾರಿದವನೂ ಅದೇ ನೀರಿಗೆ ಹಾರುತ್ತಾನೆ.

ಹೋಂಸ್ಟೇಯವರು ಪಂಪ್‌ಹೌಸಿನಿಂದ ಎಕ್ಸ್‌ಟೆನ್ಷನ್ ತಂತಿ ಎಳೆದು, ಕಟ್ಟೆಗೆ ಕಟ್ಟಿದ ದೋಣಿಯಲ್ಲೇ ಚಾರ್ಜರ್ ಇಟ್ಟು ತುಂಬಿಸುವುದು ಉಂಟು. ಅದೇ ಕೆರೆಯಲ್ಲಿ ಅತಿಥಿಗಳ ಮಕ್ಕಳು ಈಜುತ್ತಾರೆ. ಇದನ್ನು ಇವತ್ತೇ ನಿಲ್ಲಿಸಿ ಎಂದು ಕೈಮುಗಿದು ಕೇಳುತ್ತೇನೆ. ಬ್ಯಾಟರಿಯನ್ನು ಬಿಚ್ಚಿ ದಡದ ಒಣ ಕೋಣೆಗೆ ಒಯ್ದು ಚಾರ್ಜ್ ಮಾಡಿ. ಆ ಕೋಣೆಯ ಸಾಕೆಟಿಗೆ, ಸೋರಿಕೆ ಕಂಡೊಡನೆ ವಿದ್ಯುತ್ತನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ದೋಣಿಯ ಮೇಲೆ 48 ವೋಲ್ಟಿನೊಳಗಿನ ಡಿಸಿ ಮಾತ್ರ ಇರಲಿ. ಅದರಿಂದ ಪ್ರಾಣಕ್ಕೆ ಕುತ್ತು ಬರುವ ಸಂಭವ ತೀರಾ ಕಡಿಮೆ.

ಡಿಸಿಯ ಅಪಾಯ ಬೇರೆ ಬಗೆಯದು, ಅದು ಬೆಂಕಿ. 12 ವೋಲ್ಟಿನ ಮೋಟಾರು ಪೂರ್ತಿ ವೇಗದಲ್ಲಿ 50 ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಮೂರು ಮೀಟರ್ ದೂರದಲ್ಲಿದ್ದು 6 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದ್ದರೆ, ಹೋಗಿಬರುವ ಆರು ಮೀಟರಿನಲ್ಲಿ 0.86 ವೋಲ್ಟ್ ಕಳೆದುಹೋಗುತ್ತದೆ. ಅಂದರೆ 43 ವಾಟ್ ತಂತಿಯಲ್ಲೇ ಶಾಖವಾಗುತ್ತದೆ. 16 ಚದರ ಮಿಲಿಮೀಟರಿನದು ಹಾಕಿದರೆ 16 ವಾಟ್. ಫ್ಯೂಸ್ ಬ್ಯಾಟರಿಯ ಧನ ತುದಿಗೆ ಗೇಣಿನೊಳಗೆ ಇರಬೇಕು, ಮೋಟಾರಿನ ಹತ್ತಿರ ಅಲ್ಲ. ಅದು ಕಾಯಬೇಕಾದದ್ದು ನಡುವಿನ ತಂತಿಯನ್ನು. ತವರ ಲೇಪಿಸಿದ ತಾಮ್ರದ ತಂತಿ ಸಿಕ್ಕರೆ ಬಿಡಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಬರೀ ತಾಮ್ರ ಕಿಲುಬು ಹಿಡಿಯುತ್ತದೆ, ಕಿಲುಬು ಹಿಡಿದ ಸಂಪರ್ಕ ಬಿಸಿಯಾಗುತ್ತದೆ.

ಕಾವೇರಿಯ ಹರಿವಿನಿಂದಲೇ ಚಾರ್ಜ್ ಮಾಡಬಹುದಲ್ಲವೇ, 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಇದೇ ನದಿ ವಿದ್ಯುತ್ತು ಕೊಟ್ಟಿತಲ್ಲ ಎಂದು ಯುವಕರೊಬ್ಬರು ಕೇಳಿದ್ದಾರೆ. ನನಗೆ ಬಹಳ ಇಷ್ಟವಾದ ಪ್ರಶ್ನೆ. ಹಾಯಿದೋಣಿಗಳಲ್ಲಿ ಕೆಲವು ವಿದ್ಯುತ್ ಮೋಟಾರುಗಳು ಹೀಗೆ ಹಿಮ್ಮುಖವಾಗಿ ದುಡಿದು ಬ್ಯಾಟರಿ ತುಂಬುವುದು ನಿಜ. ಲೆಕ್ಕ ನೋಡೋಣ. ದುಬಾರೆಯ ಬಳಿ ದೋಣಿ ಕಟ್ಟಿಹಾಕಿ, ಸೆಕೆಂಡಿಗೆ ಒಂದೂವರೆ ಮೀಟರ್ ಹರಿಯುವ ನೀರಿಗೆ 28 ಸೆಂಟಿಮೀಟರ್ ವ್ಯಾಸದ ಪ್ರೊಪೆಲ್ಲರ್ ಇಳಿಸಿದೆವು ಎಂದುಕೊಳ್ಳಿ. ಆ ವೃತ್ತದ ಮೂಲಕ ಹಾಯುವ ನೀರಿನಲ್ಲಿರುವ ಒಟ್ಟು ಶಕ್ತಿಯೇ 104 ವಾಟ್. ನೂಕುವುದಕ್ಕೆಂದು ಕಡೆದ ಪ್ರೊಪೆಲ್ಲರ್ ಅದರಲ್ಲಿ ಕಾಲುಭಾಗ ಹಿಡಿದರೆ 26 ವಾಟ್. ಹರಿವು ಸೆಕೆಂಡಿಗೆ ಒಂದು ಮೀಟರಿಗೆ ಇಳಿದರೆ ಎಂಟು ವಾಟ್. ಶಿವನಸಮುದ್ರದಲ್ಲಿ ದುಡಿಯುವುದು ನೀರು ಬೀಳುವ ಎತ್ತರ, ಇಲ್ಲಿ ನಮಗೆ ಆ ಎತ್ತರವಿಲ್ಲ. ಬೇಸಿಗೆಯಲ್ಲಿ ದುಬಾರೆಯಲ್ಲಿ ಬಂಡೆಗಳ ಮೇಲೆ ನಡೆದು ಹೊಳೆ ದಾಟುವಷ್ಟು ನೀರು ಇಳಿಯುತ್ತದೆ. ಹರಿವು ಜೋರಾಗಿರುವ ಮಳೆಗಾಲದಲ್ಲಿ ಬಿದಿರಿನ ಮೆಳೆ, ಬುಡಸಹಿತ ಮರ ತೇಲಿಬರುತ್ತವೆ, ಆ ನೀರಿನಲ್ಲಿ ದೋಣಿ ಕಟ್ಟಿಹಾಕುವ ಮಾತೇ ಇಲ್ಲ.

ಆ ನೀರಿನ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. 2018 ಮತ್ತು 2019ರ ಆಗಸ್ಟ್ ಯಾರಿಗೂ ಮರೆತಿಲ್ಲ. ಪ್ರವಾಹದ ಹೊತ್ತಿಗೆ ಊರಿಗೊಂದು ದೋಣಿ ಇರಬೇಕು ಎಂಬ ಆಸೆಯಿಂದಲೇ ಕೆಲವರು ಇಲ್ಲಿಗೆ ಬಂದಿದ್ದೀರಿ, ಅದು ಗೌರವಿಸಬೇಕಾದ ಆಸೆ. ಆದರೆ ಒಂದು ಕಿಲೋವಾಟಿನ ಮೋಟಾರು ಗಂಟೆಗೆ ಏಳೆಂಟು ಕಿಲೋಮೀಟರ್ ಹೋಗಬಲ್ಲದು, ಸೊಕ್ಕಿದ ಕಾವೇರಿ ಅದಕ್ಕಿಂತ ವೇಗವಾಗಿ ಹರಿಯುತ್ತಾಳೆ. ನದಿಯ ಮುಖ್ಯ ಹರಿವಿಗೆ ಈ ಮೋಟಾರನ್ನು ಇಳಿಸಬೇಡಿ. ಗದ್ದೆಯ ಮೇಲೆ, ಬಡಾವಣೆಯ ಬೀದಿಗಳಲ್ಲಿ ನಿಂತ ನೀರಿನಲ್ಲಿ ಅದು ಉಪಯೋಗಕ್ಕೆ ಬಂದೀತು, ಅಲ್ಲಿಯೂ ಮುಳುಗಿದ ವಿದ್ಯುತ್ ಕಂಬಗಳ ಸರಬರಾಜು ಕಡಿತವಾಗಿದೆ ಎಂದು ಖಚಿತವಾದ ಮೇಲೆಯೇ. ಅಂಥ ದಿನಗಳಲ್ಲಿ ಬಿಸಿಲೂ ಇರುವುದಿಲ್ಲ, ಕರೆಂಟೂ ಇರುವುದಿಲ್ಲ. ಬ್ಯಾಟರಿಯಲ್ಲಿ ಮೊದಲೇ ತುಂಬಿಟ್ಟದ್ದಷ್ಟೇ ನಿಮ್ಮ ಕೈಯಲ್ಲಿರುವುದು.

ಇಲ್ಲಿ ಒಂದು ಇಕ್ಕಟ್ಟು ಇದೆ. ಲಿಥಿಯಂ ಬ್ಯಾಟರಿಯನ್ನು ತಿಂಗಳುಗಟ್ಟಲೆ ಪೂರ್ತಿ ತುಂಬಿಸಿ ಇಟ್ಟರೆ ಬೇಗ ಮುಪ್ಪಾಗುತ್ತದೆ. ಬಳಸದೆ ಇಡುವಾಗ ಅರ್ಧದಷ್ಟು ಚಾರ್ಜ್ ಇರುವುದು ಒಳ್ಳೆಯದು. ಸೀಸದ ಬ್ಯಾಟರಿಗೆ ಇದರ ತದ್ವಿರುದ್ಧ, ಅದನ್ನು ತುಂಬಿಸಿಯೇ ಇಡಬೇಕು. ತುರ್ತಿಗೆಂದು ದೋಣಿ ಇಟ್ಟುಕೊಂಡವರು ಜೂನ್‌ನಿಂದ ಆಗಸ್ಟ್‌ವರೆಗೆ ಬ್ಯಾಟರಿಯನ್ನು ತುಂಬಿಸಿಯೇ ಇಡಿ, ಆಯುಸ್ಸು ಸ್ವಲ್ಪ ಕಡಿಮೆಯಾದರೆ ಆಗಲಿ. ಉಳಿದವರು ಅರ್ಧಕ್ಕೆ ಇಳಿಸಿ, ಎಲ್ಲ ತಂತಿಗಳನ್ನು ಬಿಚ್ಚಿ, ನೆಲದಿಂದ ಎತ್ತರದ ಒಣ ಜಾಗದಲ್ಲಿ ಇಡಿ. ಅಡುಗೆಮನೆಯ ಅಟ್ಟದ ಮೇಲೆ ಬೇಡ, ಒಲೆಯ ಬಿಸಿ ತಾಗುತ್ತದೆ. ಬಿಎಂಎಸ್ ತಾನೂ ಒಂದಿಷ್ಟು ವಿದ್ಯುತ್ತು ತಿನ್ನುವುದರಿಂದ ತಿಂಗಳಿಗೊಮ್ಮೆ ನೋಡಬೇಕು.

ಹಾರಂಗಿಯಂಥ ಜಲಾಶಯಕ್ಕೆ ಮೋಟಾರು ದೋಣಿ ಇಳಿಸುವ ಮುನ್ನ ಕಾವೇರಿ ನೀರಾವರಿ ನಿಗಮದ ಅನುಮತಿ ಪಡೆಯಿರಿ. ಸಮುದ್ರಮಟ್ಟದಿಂದ 2859 ಅಡಿಯ ಗರಿಷ್ಠ ಮಟ್ಟಕ್ಕೆ ತುಂಬಿದ ಹಿನ್ನೀರಿಗೂ ಏಪ್ರಿಲ್‌ನಲ್ಲಿ ಕೆಳಗಿಳಿದ ಹಿನ್ನೀರಿಗೂ ದಡದ ಗುರುತೇ ಸಿಗುವುದಿಲ್ಲ, ಮುಳುಗಿದ ಮರದ ಬುಡಗಳು ಪ್ರೊಪೆಲ್ಲರಿಗೆ ತಾಗುವಷ್ಟು ಮೇಲೆ ಬಂದಿರುತ್ತವೆ.

ಸೆಪ್ಟೆಂಬರಿನ ಆಯುಧ ಹಬ್ಬ ಕೈಲ್ ಪೊಳ್ದ್ ಕಳೆದು ಮೋಡ ಸರಿದ ಮೇಲೆ ದೋಣಿಯನ್ನು ಮತ್ತೆ ಇಳಿಸುವವರು ಮೊದಲ ಚಾರ್ಜನ್ನು ದಡದಲ್ಲೇ, ಹಗಲು ಹೊತ್ತಿನಲ್ಲಿ, ಕಣ್ಣೆದುರೇ ಮಾಡಿ. ಪ್ರತಿ ಸಂಪರ್ಕವನ್ನೂ ಬಿಚ್ಚಿ ಉಜ್ಜಿ ಮತ್ತೆ ಬಿಗಿಯಿರಿ, ಹತ್ತು ನಿಮಿಷ ಮೋಟಾರು ಓಡಿಸಿದ ಮೇಲೆ ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿ. ಯಾವುದಾದರೂ ಬಿಸಿಯಾಗಿದ್ದರೆ ಅದನ್ನು ಸರಿಪಡಿಸುವವರೆಗೆ ದೋಣಿ ದಡದಲ್ಲೇ ಇರಲಿ.